ಒಂದು ಲೋಟ ಕಾಫಿಗೆ ಒಂದು ಟೆಂಟು

ನಮ್ಮ ಸೀಮೆಯಲ್ಲಿ ಎಲ್ಲಾದರೂ ಒಂದು ಟೆಂಟು ಹಾಕಿ ಕೂತು ನೋಡಿ. ಒಲೆ ಹಚ್ಚುವಷ್ಟರಲ್ಲಿ ಯಾರಾದರೊಬ್ಬರು ಬಂದು, ಒಳಗೆ ಬಗ್ಗಿ ನೋಡಿ, "ಏನ್ ಸಮಾಚಾರ?" ಅನ್ನದಿದ್ದರೆ ನನ್ನ ಹೆಸರು ಬದಲಾಯಿಸಿ ಕರೆಯಿರಿ.

ನಾನು ಮುಳಬಾಗಿಲಿನ ಬಸ್ ನಿಲ್ದಾಣದಲ್ಲಿ ವಿಚಾರಣೆ ಕಿಟಕಿಯ ಹಿಂದೆ ಕೂರುವವಳು. ಬೆಳಗಿನಿಂದ ಸಂಜೆಯವರೆಗೆ ಜನ ಕೇಳುತ್ತಾರೆ, ನಾನು ಹೇಳುತ್ತೇನೆ. ಬಸ್ಸು ಯಾವಾಗ ಅಂತ ಕೇಳಿದರೆ ಬೇಜಾರಿಲ್ಲ, ಅದಕ್ಕೇ ಸಂಬಳ. ಆದರೆ "ಮೇಡಂ, ನಮ್ಮತ್ತೆ ಈ ಕಡೆ ಹೋದ್ರಾ?" ಅಂತ ಕೇಳುವವರಿದ್ದಾರೆ. "ಈ ಹುಡುಗನಿಗೆ ಯಾವ ಕಾಲೇಜಿಗೆ ಹಾಕ್ಲಿ?" ಅಂತ ಕೇಳಿದವರೂ ಇದ್ದಾರೆ. ಹಾಗಾಗಿ ನನ್ನ ಜೀವನದ ಆಸೆ ಬಹಳ ಸಣ್ಣದು. ಒಂದು ಲೋಟ ಬಿಸಿ ಕಾಫಿಯನ್ನು ಮೊದಲ ಗುಟುಕಿನಿಂದ ಕೊನೆಯ ಗುಟುಕಿನವರೆಗೆ, ಯಾರೂ ಏನೂ ಕೇಳದೆ, ಕೂತು ಕುಡಿಯಬೇಕು.

ಅದಕ್ಕೇ ಆನ್‌ಲೈನಿನಲ್ಲಿ ಕಿತ್ತಳೆ ಬಣ್ಣದ ಟೆಂಟು ತರಿಸಿದೆ. ರಜೆ ಸಿಕ್ಕ ದಿನ ಊರಾಚೆ ಹೋಗಿ ಹಾಕುವುದು, ಕಾಫಿ ಕುಡಿಯುವುದು, ಬರುವುದು. ಜೊತೆಗೆ ಬರುವವರು ನಮ್ಮ ಯಜಮಾನರು. ಎಡವಟ್ಟಾಗಿದ್ದು ಅಲ್ಲೇ. ಅವರದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ತಾಲ್ಲೂಕಿನ ಅರ್ಧ ಜನ ಅವರಿಗೆ ಗೊತ್ತು, ಉಳಿದರ್ಧ ಜನರನ್ನು ಗೊತ್ತು ಮಾಡಿಕೊಳ್ಳುವ ಆತುರದಲ್ಲೇ ಅವರು ಇರುತ್ತಾರೆ. ದಾರಿಯಲ್ಲಿ ಹೋಗುವವರು ಸುಮ್ಮನೆ ತಿರುಗಿ ನೋಡಿದರೂ ಸಾಕು, "ಬನ್ನಿ ಬನ್ನಿ, ಕೂತ್ಕೊಳ್ಳಿ" ಅನ್ನುತ್ತಾರೆ.

ಗೂಟ

ಮೊದಲ ಸಲ ದೇವರಾಯಸಮುದ್ರದಲ್ಲಿ ಕೆರೆ ಏರಿಯಿಂದ ಸ್ವಲ್ಪ ದೂರಕ್ಕೆ, ಒಂದು ಹುಣಸೆ ಮರದ ಪಕ್ಕ ಟೆಂಟು ಹಾಕಿದೆವು. ಯಜಮಾನರು ಕೆರೆಯ ಹಕ್ಕಿಗಳ ಫೋಟೋ ತೆಗೆಯುತ್ತೇನೆ ಅಂತ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ಬಗ್ಗಿದರು. ಬಯಲಲ್ಲಿ ಟೆಂಟು, ಮೂರು ಕಾಲಿನ ಮೇಲೊಂದು ಪೆಟ್ಟಿಗೆ, ಒಂದು ಕಣ್ಣು ಮುಚ್ಚಿದ ಮನುಷ್ಯ. ನಮ್ಮ ಕಡೆ ಇದಕ್ಕೆ ಒಂದೇ ಅರ್ಥ. ಹೊಸ ರಸ್ತೆಗೆ ಜಮೀನು ಅಳೆಯುವವರು ಬಂದಿದ್ದಾರೆ ಅಂತ.

ಮೊದಲು ಒಬ್ಬ ಓಡಿಬಂದ. "ಸಾರ್, ನನ್ನ ಮಾವಿನ ಗಿಡ ಈಗ ಫಸಲಿಗೆ ಬಂದೈತೆ. ರಸ್ತೆನ ಒಂಚೂರು ಆ ಕಡೆ ತಗೊಂಡೋಗಿ."

ಹಿಂದೆಯೇ ಅವನ ಅಣ್ಣ ಬಂದ. "ಏನ್ಲಾ, ಆ ಕಡೆ ಅಂದ್ರೆ ನನ್ನ ಹೊಲ ಅಲ್ವೇನ್ಲಾ? ನಿಂದು ಮಾತ್ರ ಮಾವು, ನಂದು ರೇಷ್ಮೆ ಸೊಪ್ಪು ಸೊಪ್ಪಲ್ವಾ?"

"ನಾವು ಕಾಫಿ ಕುಡಿಯೋಕೆ ಬಂದಿದ್ದೀವಿ ಕಣಪ್ಪ," ಅಂದೆ.

ಅಣ್ಣ ಜಾಣ ನಗೆ ನಕ್ಕ. "ಗೊತ್ತಮ್ಮ. ಹೋದ ಸಲ ಬಂದೋರೂ ಮೀನು ಹಿಡಿಯೋಕೆ ಬಂದಿದ್ದೀವಿ ಅಂದಿದ್ರು."

ಯಜಮಾನರಿಗೆ ಯಾರ ಮನಸ್ಸನ್ನೂ ನೋಯಿಸಲು ಬರುವುದಿಲ್ಲ. ತಮ್ಮ ಹೇಳಿದ ಅಂತ ಟೆಂಟನ್ನು ಎಡಕ್ಕೆ ಸರಿಸಿದರು. ಅಣ್ಣನ ಮುಖ ಸಪ್ಪಗಾಯಿತು ಅಂತ ಬಲಕ್ಕೆ ಸರಿಸಿದರು. ಈ ಸರಿಸಾಟದಲ್ಲಿ ನನ್ನ ಕಾಫಿ ನೆಲದ ಪಾಲಾಯಿತು. ಅಷ್ಟರಲ್ಲಿ ಮೂರನೆಯವನೊಬ್ಬ ಬಂದು, "ಅವರಿಬ್ಬರಿಗೂ ಬೇಡ ಅಂದ್ರೆ ನನ್ನ ಹೊಲದ ಮೇಲೆ ಹಾಕಿ ಸಾರ್, ಅಲ್ಲಿ ಕಲ್ಲು ಬಿಟ್ರೆ ಏನೂ ಬೆಳೆಯಲ್ಲ" ಅಂದವನೇ ಟೆಂಟನ್ನು ತಾನೇ ಕಿತ್ತು, ತಲೆ ಮೇಲೆ ಹೊತ್ತುಕೊಂಡು ಹೋಗಿ, ತನ್ನ ಹೊಲದ ನಡುಮಧ್ಯೆ ನೆಟ್ಟ. ಅಣ್ಣ ತಮ್ಮ ಇಬ್ಬರೂ ಒಪ್ಪಿದರು. ಎಷ್ಟೋ ವರ್ಷದ ಮೇಲೆ ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಇದೇ ಮೊದಲಂತೆ.

ಸಂಜೆ ಹೊರಡುವಾಗ ಟೆಂಟು ಬಿಚ್ಚಿ ಮಡಿಸಿದೆವು. ಮೂರನೆಯವನು ಕೈಮುಗಿದು ಅಡ್ಡ ನಿಂತ. "ಬಟ್ಟೆ ತಗೊಂಡೋಗಿ ಸಾರ್. ಗೂಟ ಮಾತ್ರ ಕೀಳ್ಬೇಡಿ."

ಹೊಸ ಗೂಟ ಕೊಂಡೆವು. ಹಳೆಯವು ಅಲ್ಲೇ ಇವೆ. ಸುತ್ತ ಮುಳ್ಳುಬೇಲಿ ಹಾಕಿಸಿದ್ದಾನಂತೆ.

ಖಾಯಂ ಗಿರಾಕಿ

ಹಳ್ಳಿಯವರ ಸಹವಾಸ ಬೇಡ ಅಂತ ಮುಂದಿನ ಸಲ ಮಾಲೂರು ತಾಲ್ಲೂಕಿನ ಲಕ್ಕೂರಿನ ಕಡೆ ಹೋದೆವು. ಅಲ್ಲೊಂದು ನೀಲಗಿರಿ ತೋಪು. ಅದರ ಮಧ್ಯೆ ಒಂದೇ ಒಂದು ದೊಡ್ಡ ಹೊಂಗೆ ಮರ, ತಣ್ಣಗೆ ನೆರಳು. ಟೆಂಟು ಹಾಕಿ, ಚಾಪೆ ಹಾಸಿ, ಸಾಮಾನೆಲ್ಲ ಒಳಗಿಟ್ಟು, ಒಲೆಗೆ ಮೂರು ಕಲ್ಲು ಹುಡುಕಲು ಇಬ್ಬರೂ ಹೋದೆವು.

ಬರುವಷ್ಟರಲ್ಲಿ ಹೊರಗೆ ಒಂದು ಜೊತೆ ಬೂಟು. ಒಳಗೆ ಕಾರ್ಖಾನೆಯ ನೀಲಿ ಅಂಗಿ ತೊಟ್ಟವನೊಬ್ಬ ಗೊರಕೆ ಹೊಡೆಯುತ್ತ ಮಲಗಿದ್ದ. ತಲೆ ಕೆಳಗೆ ನನ್ನ ಕಾಫಿಪುಡಿಯ ಚೀಲ ಇತ್ತು.

ನಾನು ಎಬ್ಬಿಸಲು ಹೋದೆ. ಯಜಮಾನರು ಕೈ ಹಿಡಿದು, "ಪಾಪ, ರಾತ್ರಿ ಪಾಳಿ ಮುಗಿಸಿ ಬಂದಿರ್ತಾನೆ ಕಣೇ, ಬಿಡು" ಅಂದರು. ಅಲ್ಲಿಂದ ಮುಂದೆ ನಾವಿಬ್ಬರೂ ಕೈಸನ್ನೆಯಲ್ಲೇ ಮಾತಾಡಿದೆವು. ನಾನು ಒಮ್ಮೆ ಸೀನಿದ್ದಕ್ಕೆ ಯಜಮಾನರು ಕಣ್ಣಲ್ಲೇ ಗದರಿದರು. ನಿಶ್ಶಬ್ದವೇನೋ ನಾನು ಬಯಸಿದಂಥದ್ದೇ, ಆದರೆ ಕಾಫಿ ಅವನ ತಲೆ ಕೆಳಗಿತ್ತು.

ಬಿಸಿಲು ಇಳಿದ ಮೇಲೆ ಅವನು ಎದ್ದ. ಮೈಮುರಿದು ಹೊರಗೆ ಬಂದು ಬೂಟು ಹಾಕಿಕೊಂಡ. ಮರದ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದ ನಮ್ಮಿಬ್ಬರನ್ನೂ ಅನುಮಾನದಿಂದ ನೋಡಿದ.

"ಯಾರ್ರೀ ನೀವು? ಇದು ನಾನು ದಿನಾ ಮಲಗೋ ಜಾಗ," ಅಂದ.

ಸ್ವಲ್ಪ ಆಚೆಗೆ

ಕೋಲಾರದ ಬೆಟ್ಟದ ಮೇಲೆ ಒಂದು ಮುಂಜಾನೆ. ಮಂಜು, ತಂಗಾಳಿ, ಕೈಯಲ್ಲಿ ಆಗತಾನೇ ಸೋಸಿದ ಕಾಫಿ. ಈ ಸಲ ಗೆದ್ದೆ ಅಂದುಕೊಂಡೆ. ಬಂಡೆಯ ಹಿಂದಿನಿಂದ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿ ಬಂತು. ಅವರ ಹಿಂದೆ ಫೋಟೋಗ್ರಾಫರು, ಹೊಗೆ ಬಿಡುವವನು, ಹುಡುಗಿಯ ಉದ್ದ ಗೌನಿನ ಅಂಚನ್ನು ಗಾಳಿಗೆ ಎತ್ತಿ ಎಸೆಯುವವನು.

"ಆಂಟಿ, ಟೆಂಟು ಸೂಪರ್! ಒಂದೇ ಒಂದು ಶಾಟ್," ಅಂದರು ಫೋಟೋಗ್ರಾಫರು.

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು, "ಅದಕ್ಕೇನಂತೆ, ತೆಗೀರಿ ತೆಗೀರಿ" ಅಂದಾಗಿತ್ತು. ನನ್ನ ಲೋಟ ನನ್ನ ಕೈಯಿಂದ ಆ ಹುಡುಗಿಯ ಕೈಗೆ ಹೋಯಿತು. "ಆವಿ ಚೆನ್ನಾಗಿ ಬರ್ತಿದೆ ಆಂಟಿ," ಅಂದರು. ನನ್ನನ್ನು ಮಾತ್ರ "ಸ್ವಲ್ಪ ಆಚೆಗೆ, ಇನ್ನೂ ಸ್ವಲ್ಪ ಆಚೆಗೆ" ಅನ್ನುತ್ತಾ ಕೊನೆಗೆ ಟೆಂಟಿನೊಳಕ್ಕೇ ಕಳಿಸಿದರು.

ಮುಂದೆ ಯಜಮಾನರ ಗಿರಾಕಿಯೊಬ್ಬರ ಮನೆ ಮದುವೆಗೆ ಹೋದರೆ, ಛತ್ರದ ಬಾಗಿಲಲ್ಲಿ ಆಳೆತ್ತರದ ಫ್ಲೆಕ್ಸು. ಅದೇ ಜೋಡಿ, ಅದೇ ಲೋಟ. ಹಿಂದೆ ಟೆಂಟಿನ ಕಿಟಕಿಯಲ್ಲಿ ಹಲ್ಲು ಕಚ್ಚಿಕೊಂಡ ನನ್ನ ಮುಖ. ಬಂದ ನೆಂಟರೆಲ್ಲ ನನ್ನ ಗುರುತು ಹಿಡಿದು, "ನೀವು ಹುಡುಗಿ ಕಡೆಯೋರಾ?" ಅಂತ ಕೇಳಿದರು.

ಅತ್ತೆ ಮಾಡಿದ ತಪ್ಪು

ಶ್ರೀನಿವಾಸಪುರದ ಹತ್ತಿರ ಯಜಮಾನರ ಸ್ನೇಹಿತರ ಮಾವಿನ ತೋಪು. ಕಾಯಿ ಕಿತ್ತಾಗಿತ್ತು, ಕಾವಲಿನವರೂ ಹೋಗಿದ್ದರು. ಇನ್ನು ಯಾರು ಬರುತ್ತಾರೆ ಅಂತ ಧೈರ್ಯವಾಗಿ ಒಂದು ಒಲೆಯಲ್ಲಿ ಕಾಫಿಗೆ ಇಟ್ಟು, ಇನ್ನೊಂದರಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಹಸುವಿಗೆ ಹುಲ್ಲು ಕೊಯ್ಯಲು ಬಂದ ಅಜ್ಜಿಯೊಬ್ಬಳು ಕುಡುಗೋಲು ಹಿಡಿದುಕೊಂಡೇ ನಿಂತಳು. ಟೆಂಟು ನೋಡಿದಳು. ಬಾಣಲೆ ನೋಡಿದಳು. ನನ್ನ ಕುತ್ತಿಗೆಯ ತಾಳಿ ನೋಡಿದಳು.

"ಏಮ್ಮಾ, ಮನೆ ಬಿಟ್ಟು ಎಷ್ಟು ದಿನ ಆಯ್ತು?"

"ಬೆಳಗ್ಗೆ ಬಿಟ್ವಿ ಅಜ್ಜಿ."

"ಅಯ್ಯೋ ಪಾಪಂ," ಅಂತ ಅಜ್ಜಿ ಕುಡುಗೋಲು ಕೆಳಗಿಟ್ಟು ನನ್ನ ಪಕ್ಕ ಕೂತಳು. "ಅತ್ತೆ ಇದ್ದಾಳಾ?"

"ಇದ್ದಾರೆ."

"ಅದೇ ಅಂದ್ಕೊಂಡೆ."

ನಾನು ಎಷ್ಟು ಹೇಳಿದರೂ ಅಜ್ಜಿ ಕೇಳಲಿಲ್ಲ. ಸ್ವಂತ ಮನೆ ಇದ್ದೂ ಗಂಡ ಹೆಂಡತಿ ಮರದ ಕೆಳಗೆ ಬಟ್ಟೆ ಕಟ್ಟಿಕೊಂಡು ಅಡುಗೆ ಮಾಡುತ್ತಿದ್ದಾರೆ ಅಂದರೆ ಅತ್ತೆ ಹೊರಗೆ ಹಾಕಿದ್ದಾಳೆ, ಅದಕ್ಕೆ ಬೇರೆ ಕಾರಣವೇ ಇಲ್ಲ. ಊರೊಳಗೆ ಹೋಗಿ ಹಿರಿಯರನ್ನು ಕರೆದುಕೊಂಡು ಬಂದಳು. ಅವರ ಜೊತೆ ಹೆಂಗಸರು ಅನ್ನ, ಸಾರು, ಒಂದು ಕಂಬಳಿ ಹಿಡಿದು ಬಂದರು. ನನ್ನ ಕಾಫಿ ಕುದ್ದು ಕುದ್ದು ಇಂಗಿ ಹೋಯಿತು.

ಹಿರಿಯರೊಬ್ಬರು ಯಜಮಾನರನ್ನು ಎದುರಿಗೆ ಕೂರಿಸಿಕೊಂಡು, "ನಿಮ್ಮಮ್ಮಂಗೆ ಫೋನ್ ಮಾಡಿ ಕೊಡಪ್ಪ" ಅಂದರು. ಈ ಪುಣ್ಯಾತ್ಮ ಮಾಡಿ ಕೊಟ್ಟರು! "ದೊಡ್ಡೋರು ಕೇಳಿದ್ರು, ಇಲ್ಲ ಅನ್ನೋಕಾಗತ್ತಾ?" ಅಂತ ಆಮೇಲೆ ನನ್ನನ್ನೇ ಕೇಳಿದರು. ಹಿರಿಯರು ಸ್ಪೀಕರ್ ಹಾಕಿ, ಮನೆಗೆ ಬಂದ ಸೊಸೆಯನ್ನು ಹೇಗೆ ನೋಡಿಕೊಳ್ಳಬೇಕು ಅಂತ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಬಹಳ ಚೆನ್ನಾಗಿ ಮಾತಾಡಿದರು. ಕೇಳಿ ನನಗೇ ಕಣ್ಣಲ್ಲಿ ನೀರು ಬಂತು. ಆ ಕಡೆಯಿಂದ ನಮ್ಮತ್ತೆ, "ಆಯ್ತಪ್ಪ... ತಪ್ಪಾಯ್ತಪ್ಪ..." ಅನ್ನುವುದು ಮಾತ್ರ ಕೇಳಿಸುತ್ತಿತ್ತು.

ನಮ್ಮತ್ತೆ ಬಂಗಾರದಂಥ ಹೆಂಗಸು, ಯಾವತ್ತೂ ನನಗೆ ಒಂದು ಮಾತು ಅಂದವರಲ್ಲ. ಅವತ್ತಿನಿಂದ ಅವರೇ ಬೆಳಗ್ಗೆ ಎದ್ದು ನನಗೆ ಕಾಫಿ ಮಾಡಿ ತಂದುಕೊಡುತ್ತಾರೆ. ಕೊಟ್ಟು, ಎದುರಿಗೇ ಕೂತು, ಲೋಟ ಖಾಲಿಯಾಗುವವರೆಗೂ ಕೇಳುತ್ತಾರೆ. "ನಾನು ಏನಮ್ಮ ಅಂಥಾದ್ದು ಮಾಡಿದ್ದೆ?"

ಮಂದೆ

ಕೊನೆಗೆ ಬೈರಕೂರಿನ ಕಡೆ ಹೋದೆವು. ಯಜಮಾನರ ಪರಿಚಯದ ರೈತರೊಬ್ಬರ ರಾಗಿ ಹೊಲ. ಕೊಯ್ಲಾಗಿ ಬರೀ ಕೂಳೆ ಉಳಿದಿತ್ತು. ಎತ್ತ ನೋಡಿದರೂ ಬಯಲು, ಬರುವವರು ದೂರದಿಂದಲೇ ಕಾಣುತ್ತಾರೆ. ಸಂಜೆ ಯಜಮಾನರು, "ಊರೊಳಗೆ ಬಿಸಿ ಬೋಂಡ ಸಿಗುತ್ತಂತೆ, ತರ್ತೀನಿ ತಾಳು" ಅಂತ ಸ್ಕೂಟರ್ ಹತ್ತಿ ಹೊರಟರು. ಬೋಂಡ ತರುವವರು ಬರೀ ಬೋಂಡ ತರುವುದಿಲ್ಲ ಅಂತ ನನಗೆ ಗೊತ್ತು. ಅವರು ಬರುವಷ್ಟರಲ್ಲಿ ಹೇಗಾದರೂ ಮಾಡಿ ಕುಡಿದುಬಿಡಬೇಕು ಅಂತ ಹಾಲು ಕಾಯಲು ಇಟ್ಟೆ.

ಹಾಲು ಬೆಚ್ಚಗಾಗುವ ಹೊತ್ತಿಗೆ ಧೂಳೆದ್ದಿತು. ಕುರಿಗಳು! ಒಂದಲ್ಲ ಎರಡಲ್ಲ, ಹೊಲದ ತುಂಬ. ಕೆಂಚು, ಕಪ್ಪು, ಬಿಳಿ, ಎಲ್ಲವೂ ಬಂದು ಟೆಂಟಿನ ಸುತ್ತ ನಿಂತವು. ಹಿಂದಿನಿಂದ ಕಂಬಳಿ ಹೊದ್ದ ಕುರಿಗಾಹಿ, ಜೊತೆಗೆ ಕರುವಿನಷ್ಟೆತ್ತರದ ನಾಲ್ಕು ನಾಯಿಗಳು.

ಬೆಳೆ ಕೊಯ್ದ ಹೊಲದಲ್ಲಿ ರಾತ್ರಿ ಕುರಿ ಮಂದೆ ತರುಬಿಸುವುದು ನಮ್ಮ ಕಡೆ ಮೊದಲಿನಿಂದ ಇರುವ ಪದ್ಧತಿ. ಹೊಲಕ್ಕೆ ಗೊಬ್ಬರ ಸಿಗುತ್ತದೆ, ಅದಕ್ಕೆ ಬದಲಾಗಿ ಹೊಲದವರು ಕುರಿಗಾಹಿಗೆ ಊಟ ಕೊಡಬೇಕು. ನಮಗೆ ಹೊಲ ಬಿಟ್ಟುಕೊಟ್ಟ ಮಹರಾಯರು ಅದೇ ದಿನಕ್ಕೆ ಮಂದೆಗೂ ಹೇಳಿ, ನಮಗೆ ತಿಳಿಸುವುದನ್ನು ಮರೆತಿದ್ದರು. ಕುರಿಗಾಹಿ ನನ್ನನ್ನು ನೋಡಿ, ಹೊಲದವರ ಮನೆಯ ಹೆಂಗಸು ಊಟ ಕೊಡಲು ಬಂದು ಕಾದಿದ್ದಾಳೆ ಅಂದುಕೊಂಡ.

"ಅನ್ನ ಐತಾಮ್ಮಾ?" ಅಂದ.

ರಾತ್ರಿಗೆ ಅಂತ ತಂದಿದ್ದ ಬುತ್ತಿಯನ್ನೆಲ್ಲ ಕೊಟ್ಟೆ. ನಾಯಿಗಳಿಗೂ ಒಂದೊಂದು ಮುದ್ದೆ ಹಾಕಿದೆ. ಅವನು ಯಾರು ಎತ್ತ ಅಂತ ಕೇಳಲಿಲ್ಲ. ಮಕ್ಕಳೆಷ್ಟು ಅಂತ ಕೇಳಲಿಲ್ಲ. ಟೆಂಟಿಗೆ ಎಷ್ಟು ಕೊಟ್ಟಿರಿ ಅಂತಲೂ ಕೇಳಲಿಲ್ಲ. ದೂರ ಹೋಗಿ, ನನಗೆ ಬೆನ್ನು ಹಾಕಿ ಕೂತು ಉಂಡ. ಇಂಥ ಮನುಷ್ಯನನ್ನು ನಾನು ಜೀವನದಲ್ಲಿ ನೋಡಿರಲಿಲ್ಲ. ನಾಯಿಗಳು ಮಂದೆಯ ನಾಲ್ಕು ಮೂಲೆಗೆ ಹೋಗಿ ಹೊರಗೆ ಮುಖ ಮಾಡಿ ಕೂತವು.

ಕಾಫಿ ಸೋಸಿದೆ. ಸೂರ್ಯ ಇಳಿಯುತ್ತಿದ್ದ. ಕುರಿಗಳು ಮೆಲುಕು ಹಾಕುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ವಾಸನೆಯೇನೋ ಇತ್ತು, ಇರಲಿ. ಮೊದಲ ಗುಟುಕು ಕುಡಿದೆ. ಎರಡನೆಯದೂ ಕುಡಿದೆ. ಹೊಟ್ಟೆಯೊಳಗಿಂದ ಸುಖ ಎದ್ದು ಬಂತು.

ಆಗ ಹೊಲದಂಚಿನಲ್ಲಿ ಸ್ಕೂಟರ್ ನಿಂತಿತು. ನಮ್ಮ ಯಜಮಾನರು. ಅವರ ಹಿಂದೆ ಬೋಂಡದಂಗಡಿಯಲ್ಲಿ ಪರಿಚಯವಾದ ಜನ, ಬೈಕುಗಳಲ್ಲಿ, ಒಂದು ಆಟೋದಲ್ಲಿ. "ಬನ್ನಿ ಬನ್ನಿ, ನಮ್ಮನೆಯೋಳು ಕಾಫಿ ಚೆನ್ನಾಗಿ ಮಾಡ್ತಾಳೆ" ಅನ್ನುವುದು ಇಲ್ಲಿಗೇ ಕೇಳಿಸಿತು. ಒಂದು ಹೆಜ್ಜೆ ಹೊಲಕ್ಕೆ ಇಟ್ಟರು ನೋಡಿ, ನಾಲ್ಕೂ ನಾಯಿಗಳು ಒಟ್ಟಿಗೆ ಎದ್ದವು. ಜನರೆಲ್ಲ ಹಿಂದೆ ಸರಿದು ಆಟೋದೊಳಗೆ ತುಂಬಿಕೊಂಡರು. ಯಜಮಾನರು ಬೋಂಡದ ಪೊಟ್ಟಣ ಎದೆಗೆ ಅವಚಿಕೊಂಡು ಸ್ಕೂಟರಿನ ಸೀಟಿನ ಮೇಲೆ ಹತ್ತಿ ನಿಂತರು.

"ಲೇ, ನಾನು ಕಣೇ, ನಿನ್ನ ಗಂಡ! ಹೇಳೇ ಅವನಿಗೆ!"

ಕುರಿಗಾಹಿ ನಿಧಾನವಾಗಿ ಎದ್ದು ನನ್ನ ಹತ್ತಿರ ಬಂದ. ಅವತ್ತು ಅವನು ಕೇಳಿದ ಎರಡನೆಯ ಮಾತು ಅದು.

"ಅಮ್ಮಾ, ಆ ಯಪ್ಪ ನಿಮ್ಮ ಗಂಡ ಅಂತಾನೆ. ಹೌದಾ?"

ನಾನು ಯಜಮಾನರನ್ನು ನೋಡಿದೆ. ಲೋಟ ನೋಡಿದೆ. ಇನ್ನೂ ಅರ್ಧ ಇತ್ತು, ಬಿಸಿಯಾಗಿಯೂ ಇತ್ತು.

"ಇಷ್ಟು ದೂರಕ್ಕೆ ಸರಿಯಾಗಿ ಕಾಣಿಸ್ತಿಲ್ಲ ಕಣಪ್ಪ," ಅಂದೆ. "ಒಂಚೂರು ಹೊತ್ತು ತಾಳು, ಇದನ್ನ ಕುಡಿದು ನೋಡಿ ಹೇಳ್ತೀನಿ."