ಭಾವ ಕೆಲಸದಿಂದ ತೆಗೆದ ಕೋಚ್‌ಗಳು

ನನ್ನ ಭಾವನನ್ನು ಈ ಭೂಮಿಯ ಮೇಲಿನ ಯಾವ ಫುಟ್‌ಬಾಲ್ ತಂಡವೂ ಇಲ್ಲಿಯವರೆಗೆ ಕೆಲಸಕ್ಕೆ ಕರೆದಿಲ್ಲ. ಆದರೆ ಸೋಫಾದ ಮೇಲೆ ಕೂತಲ್ಲಿಂದಲೇ ಅವರು ಕೆಲಸದಿಂದ ತೆಗೆದುಹಾಕಿದ ಕೋಚ್‌ಗಳಿದ್ದಾರಲ್ಲ, ಅವರನ್ನೆಲ್ಲ ಒಟ್ಟು ಸೇರಿಸಿದರೆ ದುಬೈನ ಜೆಬೆಲ್ ಅಲಿಯ ಕಂಪನಿ ಬಸ್ಸೊಂದು ಸಾಲದು!

ಭಾವ ಎಂದರೆ ನನ್ನ ಅಕ್ಕನ ಗಂಡ. ಉಡುಪಿ ಕಡೆಯವರು, ಜೆಬೆಲ್ ಅಲಿಯ ಗೋದಾಮೊಂದರಲ್ಲಿ ಸೂಪರ್‌ವೈಸರ್. ದೇರಾದ ಹಳೆಯ ಕಟ್ಟಡದಲ್ಲಿ ಅಕ್ಕ, ಕಾಲೇಜಿಗೆ ಹೋಗುವ ಮಗಳು, ಗೋಡೆಯಗಲದ ಟೀವಿ ಮತ್ತು ಒಂದು ಸಿದ್ಧಾಂತ, ಇಷ್ಟನ್ನು ಕಟ್ಟಿಕೊಂಡು ಸಂಸಾರ ನಡೆಸುತ್ತಿದ್ದಾರೆ. ಸಿದ್ಧಾಂತ ಇಷ್ಟೇ: ಸೋತವನದ್ದು ತಪ್ಪಲ್ಲ, ಕಲಿಸಿದವನದ್ದು ತಪ್ಪು.

ಇದು ಫುಟ್‌ಬಾಲಿಗೆ ಮಾತ್ರ ಎಂದುಕೊಳ್ಳಬೇಡಿ. ಸಾರಿಗೆ ಉಪ್ಪು ಹೆಚ್ಚಾದರೆ ಭಾವ ಅಕ್ಕನನ್ನು ಬೈಯುವುದೇ ಇಲ್ಲ. "ನಿನ್ನ ತಪ್ಪೆಂತ ಉಂಟು ಮಾರಾಯ್ತಿ? ಕಲಿಸಿದವರನ್ನು ಹೇಳ್ಬೇಕು" ಎನ್ನುತ್ತಾರೆ. ಎಂಥ ದೊಡ್ಡ ಮನಸ್ಸು ಅಲ್ಲವೇ? ಆದರೆ ಅಕ್ಕನಿಗೆ ಅಡುಗೆ ಕಲಿಸಿದವರು ಯಾರು? ನಮ್ಮಮ್ಮ! ಊರಿನಲ್ಲಿ ತಮ್ಮ ಪಾಡಿಗೆ ತಾವಿರುವ ಅಮ್ಮನಿಗೆ ಪ್ರತಿ ಊಟದ ಹೊತ್ತಿಗೂ ಬಿಕ್ಕಳಿಕೆ ಯಾಕೆ ಬರುತ್ತದೆಂದು ನನಗೊಬ್ಬನಿಗೇ ಗೊತ್ತು.

ದುಬೈಗೆ ಬಂದ ಹೊಸತರಲ್ಲಿ ಭಾವ ಡ್ರೈವಿಂಗ್ ಟೆಸ್ಟಿನಲ್ಲಿ ಮತ್ತೆ ಮತ್ತೆ ಫೇಲಾದರು. ಪ್ರತಿ ಸಲವೂ ನಗುನಗುತ್ತಲೇ ಮನೆಗೆ ಬರುತ್ತಿದ್ದರು.

"ಇವತ್ತೂ ಫೇಲಾ ಭಾವ?" ಎಂದರೆ, "ಫೇಲಾದದ್ದು ನಾನಲ್ಲ ಮಾರಾಯ, ನನ್ನ ಮಾಸ್ಟ್ರು" ಎನ್ನುವರು.

ಕೊನೆಗೊಂದು ದಿನ ಲೈಸನ್ಸ್ ಹಿಡಿದುಕೊಂಡು ಬಂದರು. "ಅಂತೂ ಮಾಸ್ಟ್ರು ಪಾಸಾದರು" ಎಂದೆ. ಭಾವ ಗಂಭೀರವಾಗಿ ಹೇಳಿದರು, "ಅವರೆಲ್ಲಿ ಪಾಸಾದದ್ದು? ಪಾಸಾದದ್ದು ನಾನು."

ಇಂಥವರಿಗೆ ಟೀವಿಯಲ್ಲಿ ಮ್ಯಾಚ್ ಬಂದರೆ ಕೇಳಬೇಕೇ? ಆದರೆ ದೇರಾದ ಮನೆಯಲ್ಲಿ ಕೂಗುವಂತಿಲ್ಲ, ಕುಣಿಯುವಂತಿಲ್ಲ. ಕೆಳಗಿನ ಮನೆಯಲ್ಲಿ ಒಬ್ಬ ಮಲಯಾಳಿ ನರ್ಸಮ್ಮ ಇದ್ದಾರೆ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವರು. ಮೇಲೆ ಒಂದು ಚಮಚ ಬಿದ್ದರೂ ಪೊರಕೆಯ ಕೋಲಿನಿಂದ ತಮ್ಮ ಛಾವಣಿಗೆ ಕುಟ್ಟುತ್ತಾರೆ. ಆದ್ದರಿಂದ ಗೋಲಾದಾಗ ನಮ್ಮ ಭಾವ ಕೂತಲ್ಲೇ ಎರಡೂ ಕೈ ಎತ್ತಿ, ಬಾಯಿ ತೆರೆದು, ಸದ್ದಿಲ್ಲದೆ ಕಿರುಚುತ್ತಾರೆ. ನೋಡಿದವರು ಆಂಬುಲೆನ್ಸ್ ಕರೆಯಬೇಕು, ಹಾಗಿರುತ್ತದೆ!

ನಾನು ಆಟಗಾರರ ಕಡೆಯವನಲ್ಲ. ಕಾಲು ಅವರದು, ಚೆಂಡು ಅವರ ಮುಂದೆ, ಸೋತರೆ ಕೋಚ್ ಏನು ಮಾಡಿಯಾನು? "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಗಾದೆ ಹೇಳಿದೆ ಒಮ್ಮೆ. ಭಾವ ಬಿಡುವರೇ? "ಕುಣಿಸುವವನು ಮೊದಲೇ ನೆಲ ನೋಡ್ಬೇಕಿತ್ತಲ್ಲ" ಎಂದುಬಿಟ್ಟರು. ಹೀಗೆ ವಾದ ವರ್ಷಗಟ್ಟಲೆ ನಡೆಯಿತು, ಯಾರೂ ಗೆಲ್ಲಲಿಲ್ಲ.

ಅದು ಇತ್ಯರ್ಥವಾದದ್ದು ಅಕ್ಕನ ಮಗಳ ಕಾಲೇಜಿನ ಮ್ಯಾಚಿನಲ್ಲಿ. ಅವಳು ಕಾಲೇಜು ತಂಡದ ಗೋಲ್‌ಕೀಪರ್. ಚಿಕ್ಕಂದಿನಲ್ಲಿ ದೇರಾದ ಮನೆಯ ಹಾಲ್‌ನಲ್ಲಿ ಕಾಲುಚೀಲ ಸುತ್ತಿ ಮಾಡಿದ ಚೆಂಡು ಎಸೆದು ಅವಳಿಗೆ ಹಿಡಿಯಲು ಕಲಿಸಿದ್ದು ಭಾವನೇ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಹತ್ತಿರದ ಮೈದಾನದಲ್ಲಿ ಫೈನಲ್. ನಾನೂ ಭಾವನೂ ಮೊದಲೇ ಹೋಗಿ ಎದುರಿನ ಸಾಲಿನಲ್ಲಿ ಕೂತೆವು. ಹುಡುಗಿ ಎತ್ತರಕ್ಕೆ ಬಂದ ಚೆಂಡುಗಳನ್ನೆಲ್ಲ ಹಾರಿ ಹಾರಿ ಹಿಡಿದಳು. ಭಾವ ಅಭ್ಯಾಸಬಲದಿಂದ ಸದ್ದಿಲ್ಲದೆ ಕಿರುಚುತ್ತಿದ್ದರು. ಇನ್ನೇನು ಮುಗಿಯಿತು ಎನ್ನುವಾಗ ಎದುರಾಳಿ ಹುಡುಗಿಯೊಬ್ಬಳು ಚೆಂಡನ್ನು ನೆಲಕ್ಕೆ ಉಜ್ಜಿದಂತೆ ಮೂಲೆಗೆ ಒದ್ದಳು. ಮೈ ಚೆಲ್ಲಿ ಬಿದ್ದಿದ್ದರೆ ಸಿಗುತ್ತಿತ್ತು. ನಮ್ಮವಳು ಬೀಳಲಿಲ್ಲ. ಬಗ್ಗಿ, ಕೈ ಚಾಚಿ, ನಿಂತೇ ಇದ್ದಳು. ಚೆಂಡು ಒಳಗೆ ಹೋಯಿತು. ಸೋತರು.

ಭಾವ ಎದ್ದು ನೇರ ಕೋಚ್ ಹತ್ತಿರ ಹೋದರು. ಈಜಿಪ್ಟಿನ ಆ ಮನುಷ್ಯ ಸಮಾಧಾನಿ. ಭಾವ ತಮ್ಮ ಗೋದಾಮಿನ ಇಂಗ್ಲಿಷಿನಲ್ಲಿ ಅವರನ್ನು ಅಲ್ಲೇ ಕೆಲಸದಿಂದ ತೆಗೆಯುವ ಹಂತಕ್ಕೆ ಬಂದಿದ್ದರು. ಕೋಚ್ ಎಲ್ಲ ಕೇಳಿಸಿಕೊಂಡು ಹೇಳಿದರು, "ನಿಮ್ಮ ಮಗಳ ಕಣ್ಣು ಚೆನ್ನಾಗಿದೆ, ಕೈ ಚೆನ್ನಾಗಿದೆ. ಆದರೆ ನೆಲಕ್ಕೆ ಬೀಳುವುದಿಲ್ಲ. ದಿನಾ ಹೇಳುತ್ತೇನೆ, ಆಗುವುದಿಲ್ಲ. ಚಿಕ್ಕಂದಿನಲ್ಲಿ ಯಾರೋ ಅವಳಿಗೆ ಬೀಳಬೇಡ ಅಂತ ಕಲಿಸಿದ್ದಾರೆ. ಅದು ಯಾರು, ನಿಮಗೆ ಗೊತ್ತಾ?"

ಭಾವ ತಿರುಗಿ ಗೋಲಿನ ಬಳಿ ನಿಂತಿದ್ದ ಮಗಳನ್ನು ನೋಡಿದರು. ನನಗೂ ಥಟ್ಟನೆ ದೇರಾದ ಆ ಹಾಲ್ ನೆನಪಾಯಿತು. ಚೆಂಡು ಎಸೆಯುವ ಭಾವ, ಸೋಫಾ ಪಕ್ಕದಲ್ಲಿ ಕೈ ಚಾಚಿ ನಿಂತ ಪುಟ್ಟ ಹುಡುಗಿ. "ಹಿಡಿ ಮಗಾ, ಆದ್ರೆ ಬೀಳ್ಬೇಡ. ಕೆಳಗೆ ಆಂಟಿ ಮಲಗಿದ್ದಾರೆ." ಪ್ರತಿ ಎಸೆತಕ್ಕೂ ಅದೇ ಮಾತು. ನನ್ನ ಗಾದೆ ಹಾಳಾಗಲಿ, ಇಲ್ಲಿ ನೆಲವೇ ನಿಜವಾಗಿ ಡೊಂಕಾಗಿತ್ತು.

ಭಾವ ಕಾರು ಹೊರಡಿಸಿದರು. ಹಿಂದಿನ ಸೀಟಿನಲ್ಲಿ ಹುಡುಗಿ ಕೈಗವಸುಗಳನ್ನು ಬ್ಯಾಗಿಗೆ ತುರುಕಿ ಜಿಪ್ ಎಳೆದಳು.

"ಪಪ್ಪಾ, ನಾಳೆ ಗ್ಲವ್ಸ್ ರಿಟರ್ನ್ ಮಾಡ್ತೇನೆ. ಐ ಆಮ್ ಡನ್. ಖಲಾಸ್."

"ಯಾಕೆ ಮಗಾ?"

"ಎಲ್ರೂ ಸೋತದ್ದು ನನ್ನಿಂದ. ಪ್ಲೀಸ್, ಕೋಚನ್ನು ಬ್ಲೇಮ್ ಮಾಡ್ಬೇಡಿ. ಹೀ ಈಸ್ ಗುಡ್."

"ಕೋಚ್‌ದೇ ತಪ್ಪು" ಎಂದರು ಭಾವ. ಹುಡುಗಿ ಮುಖ ತಿರುಗಿಸಿಕೊಂಡಳು. ನನಗೂ ಕೋಪ ಬಂತು. ಇಷ್ಟಾದ ಮೇಲೂ ಈ ಮನುಷ್ಯನಿಗೆ ಬುದ್ಧಿ ಬರಲಿಲ್ಲವಲ್ಲ!

ದೇರಾ ಬಂದರೂ ಕಾರು ಮನೆಯ ಕಡೆ ತಿರುಗಲಿಲ್ಲ. ಮಮ್ಜರ್ ಪಾರ್ಕಿನ ಹತ್ತಿರ ನಿಂತಿತು. ಸಂಜೆಯ ಹೊತ್ತು, ಹುಲ್ಲಿನ ಮೇಲೆ ಸಂಸಾರಗಳು ಚಾಪೆ ಹಾಸಿಕೊಂಡು ಕೋಳಿ ಸುಡುತ್ತಿದ್ದವು. ಭಾವ ತಮ್ಮ ಎರಡು ಬೂಟುಗಳನ್ನು ದೂರ ದೂರ ಇಟ್ಟು ಗೋಲು ಮಾಡಿದರು. ಡಿಕ್ಕಿಯಲ್ಲಿದ್ದ ಮಗಳ ಚೆಂಡನ್ನು ನನ್ನ ಕೈಗಿಟ್ಟು ನಡುವೆ ತಾವು ನಿಂತರು. "ಯಲ್ಲಾ, ಬೇಗ, ಮೂಲೆಗೆ ಎಸಿ" ಎಂದರು ನನಗೆ. ಎಸೆದೆ. ನಮ್ಮ ಭಾವ, ಇಸ್ತ್ರಿ ಹಾಕಿದ ಪ್ಯಾಂಟು, ಉಬ್ಬಿದ ಹೊಟ್ಟೆ ಸಮೇತ ಗಾಳಿಯಲ್ಲಿ ಹೋಗಿ ದೊಪ್ಪೆಂದು ಬಿದ್ದರು! ಕನ್ನಡಕ ಒಂದು ಕಡೆ, ಚೆಂಡು ಇನ್ನೊಂದು ಕಡೆ. ಕೋಳಿ ಸುಡುತ್ತಿದ್ದವರೆಲ್ಲ ಎದ್ದು ನಿಂತರು.

"ಪಪ್ಪಾ!" ಹುಡುಗಿ ಓಡಿ ಬಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ಭಾವ ಹುಲ್ಲಿನ ಮೇಲೆ ಮಲಗಿದಲ್ಲಿಂದಲೇ ಹೇಳಿದರು, "ನಿನ್ನ ಮೊದಲ ಕೋಚ್ ನಾನಲ್ವಾ? ಇವತ್ತು ಸೋತದ್ದು ನಾನು. ನೀನಲ್ಲ."

ಅವಳು ಹುಲ್ಲಿನಲ್ಲಿ ಬಿದ್ದಿದ್ದ ಕನ್ನಡಕ ಎತ್ತಿ ಅವರ ಕೈಗೆ ಕೊಟ್ಟಳು. ಆಮೇಲೆ ಕಾರಿಗೆ ಹೋಗಿ ಬ್ಯಾಗಿನಿಂದ ಕೈಗವಸು ತಂದು ಹಾಕಿಕೊಂಡು ಬೂಟುಗಳ ನಡುವೆ ನಿಂತಳು. ನಾನು ಚೆಂಡು ಎತ್ತಿಕೊಂಡೆ. ಅವಳು ಬಗ್ಗಿದವಳು, ಹಳೆಯ ಅಭ್ಯಾಸ, ಒಮ್ಮೆ ಕಾಲಡಿಯ ನೆಲ ನೋಡಿದಳು.

"ಬೀಳು ಮಗಾ" ಎಂದರು ಭಾವ. "ಇಲ್ಲಿ ಕೆಳಗೆ ಯಾರೂ ಮಲಗಿಲ್ಲ."