ಜಾರುಬಂಡೆ ಪಿನ್ನು ಮತ್ತು ಸ್ನೇಹದ ಹುಂಜ

“ಕೇಳಿ ಭಾವ, ಏನ್ ಬೇಕಾದ್ರೂ ಕೇಳಿ!” ಎಂದು ದೊರೆಸ್ವಾಮಿ ಎದೆಯುಬ್ಬಿಸಿ ನಿಂತ. ಅವನ ಅಂಗಿಯ ಮೇಲೆ ಬಟಾಣಿ ಕಾಳಿನಷ್ಟು ದಪ್ಪದ ಪಿನ್ನೊಂದು ಮಿಣಮಿಣ ಮಿನುಗುತ್ತಿತ್ತು.

ಭಾವಮೈದುನನ ಯಂತ್ರಗಳೆಂದರೆ ಮಾಯಣ್ಣ ಮಾರು ದೂರ ನಿಲ್ಲುತ್ತಿದ್ದ. ಹೋದ ವರ್ಷ ಇವನು ಮಾಡಿದ ಮುದ್ದೆ ಕಟ್ಟುವ ಯಂತ್ರ ಸಿಟ್ಟಿಗೆದ್ದು ಎಸೆದ ಒಂದು ಮುದ್ದೆ ಅಡುಗೆಮನೆಯ ಸೂರಿಗೆ ಅಂಟಿಕೊಂಡು ಇನ್ನೂ ಅಲ್ಲೇ ಇದೆ. ಆದರೂ ಮನಸ್ಸು ತಡೆಯದೆ ಕೇಳಿದ.

“ಊರಲ್ಲಿ ನನ್ನ ಸ್ಕೂಟರ್ ಬಿಚ್ಚಿ ಹಾಕಿದ್ದು ಯಾರಪ್ಪ?”

ದೊರೆಸ್ವಾಮಿ ಬಾಯಿ ತೆರೆದ. “ಸ್ಕೂಟರಿನ ಪ್ರಶ್ನೆಯನ್ನು ಬಿಡಿಯಾಗಿ ನೋಡಲಾಗದು. ಹಿಂದಿದ್ದವರ ಕಾಲದಲ್ಲಿ ರಸ್ತೆಗಳು ಹೇಗಿದ್ದವು ಎಂಬುದನ್ನೂ ನಾವು ಕೇಳಿಕೊಳ್ಳಬೇಕಾಗುತ್ತದೆ.”

“ಅಯ್ಯೋ ನಿನ್ನ! ಹಾಗಾದ್ರೆ ನೀನೇ ಬಿಚ್ಚಿದ್ದು!”

“ನೋಡಿದ್ರಾ!” ದೊರೆಸ್ವಾಮಿ ಪಿನ್ನು ಕಿತ್ತು ಕುಣಿದಾಡಿದ. “ನಾನು ‘ನಾನೇ ಭಾವ’ ಅಂತ ಹೇಳೋಕೆ ಹೊರಟಿದ್ದೆ. ಇದು ಗಂಟಲ ನರಕ್ಕೆ ಕಚಗುಳಿ ಇಟ್ಟು ಮಾತನ್ನೇ ಜಾರಿಸಿಬಿಡ್ತು. ಅಕ್ಕ ಇದುವರೆಗೆ ಮಾಡಿದ ಭಾಷಣ ಅಷ್ಟನ್ನೂ ಇದಕ್ಕೆ ಕುಡಿಸಿದೀನಿ. ಹೆಸರು ಜಾರುಬಂಡೆ! ಇವತ್ತು ಅಕ್ಕನ ಸೆರಗಿಗೆ ಇದೇ!”

ಅಕ್ಕ ಎಂದರೆ ಚಂದ್ರಕಲಾ. ಮಾಯಣ್ಣನಿಗೆ ಹೆಂಡತಿ, ದೇಶಕ್ಕೆ ಪ್ರಧಾನಿ. ಅಂದು ಮಧ್ಯಾಹ್ನ ಅವಳು ತನ್ನ ನಿವಾಸದ ಹುಲ್ಲುಹಾಸಿನ ಮೇಲೆ ಪತ್ರಕರ್ತರನ್ನು ಎದುರಿಸಬೇಕಿತ್ತು. ಕಾರಣ, ಹುಂಜದ ಹಗರಣ.

ಟೊರಾಲ ಎಂಬ ದ್ವೀಪದ ರಾಜ ಸ್ನೇಹದ ಗುರುತಿಗೆಂದು ಒಂದು ಹುಂಜ ಕಳಿಸಿದ್ದ. ಮೊಣಕಾಲೆತ್ತರದ ಹಕ್ಕಿ, ಹಸಿರು ಹೊಳೆಯುವ ಬಾಲ, ನಡೆದರೆ ಅದೇ ರಾಜನಂತಿತ್ತು. ಅದು ಪ್ರಧಾನಿಯ ತೋಟದಿಂದಲೇ ಮಾಯವಾಯಿತು. ವಿರೋಧ ಪಕ್ಷದವರು ಸಂಸತ್ತಿನಲ್ಲಿ ಕೊಕ್ಕೊಕ್ಕೋ ಎಂದು ಕೂಗಿ ಕಲಾಪ ನಿಲ್ಲಿಸಿದರು. ಒಂದು ಹುಂಜ ಕಾಯಲಾರದವರು ಗಡಿ ಕಾಯುತ್ತಾರೆಯೇ, ರಾಜೀನಾಮೆ ಕೊಡಲಿ ಎಂದು ಬೀದಿಬೀದಿಯಲ್ಲಿ ಮೆರವಣಿಗೆ!

ಹುಂಜ ಎಲ್ಲಿಗೆ ಹೋಯಿತೆಂದು ಮಾಯಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಹೊಟ್ಟೆಗೇ ಹೋಗಿತ್ತು.

ಅವನು ಊರಿಂದ ದೆಹಲಿಗೆ ಬಂದಿಳಿದ ದಿನ ಅತ್ತೆ ನಿಂಗಾಜಮ್ಮ ಮಗಳ ಮನೆಯಲ್ಲಿದ್ದರು. ಮದ್ದೂರು ಸೀಮೆಯ ಹೆಣ್ಣುಮಗಳು. ಅಳಿಯ ಹೊಸಿಲು ದಾಟಿದ ಮೇಲೆ ಒಲೆಯ ಮೇಲೆ ಕೋಳಿಸಾರು ಕುದಿಯದಿದ್ದರೆ ಅವರಿಗೆ ತಲೆ ಎತ್ತಿ ನಡೆಯಲಾಗದು. ಅದು ಹಳ್ಳಿಮನೆಯಾದರೇನು, ಪ್ರಧಾನಿ ನಿವಾಸವಾದರೇನು! ತೋಟದಲ್ಲಿ ದಷ್ಟಪುಷ್ಟ ಹುಂಜವೊಂದು ಕೆದಕುತ್ತಿತ್ತು. ಗಂಡ ಬರುತ್ತಾನೆಂದು ಮಗಳೇ ಸಾಕಿಟ್ಟಿದ್ದಾಳೆ, ಎಂಥಾ ಗರತಿ ಎಂದು ಕಣ್ಣು ತುಂಬಿಕೊಂಡು ಕೊಯ್ದರು. ಮಾಯಣ್ಣ ಎರಡು ಸಲ ಬಡಿಸಿಕೊಂಡು, ಮೂಳೆ ಚೀಪಿ, ತೇಗಿದ.

“ಅದು ರಾಜನ ಹುಂಜ ಅಂತ ಅವ್ವಂಗೆ ಮಾತ್ರ ಗೊತ್ತಾಗಬಾರದು ರೀ,” ಎಂದು ಚಂದ್ರಕಲಾ ಗಂಡನ ಕೈ ಹಿಡಿದು ಹೇಳಿದ್ದಳು. “ಅವಳ ಹೆಸರು ಟೀವಿಲಿ ಬಂದ್ರೆ ಈ ಜನ್ಮದಲ್ಲಿ ನಮ್ಮನೇಲಿ ಒಲೆ ಹಚ್ಚಲ್ಲ. ನನ್ನ ಕುರ್ಚಿ ಹೋದ್ರೆ ಹೋಗ್ಲಿ.” ದೇಶವನ್ನೇ ನಡುಗಿಸುವ ಹೆಂಡತಿಯ ಕೈ ಆಗ ತಣ್ಣಗಿತ್ತು.

ಪತ್ರಿಕಾಗೋಷ್ಠಿ ಶುರುವಾಯಿತು. ಮುಂದಿನ ಸಾಲಿನಲ್ಲಿ ಟೊರಾಲದ ರಾಯಭಾರಿ ಗರಿಯ ಟೋಪಿ ಧರಿಸಿ ಕೂತಿದ್ದ. ಪಕ್ಕದಲ್ಲಿ ಮೈಕು ಹಿಡಿದ ದುಭಾಷಿ, ಅವನಾಚೆ ಮಾಯಣ್ಣ.

“ಮೇಡಂ, ಹುಂಜ ಎಲ್ಲಿ?”

“ಹುಂಜ ಎಂದರೆ ಬರೀ ಹುಂಜವಲ್ಲ. ಅದು ಎರಡು ದೇಶಗಳ ಬೆಳಗು,” ಎಂದಳು ಚಂದ್ರಕಲಾ.

“ಜೀವಂತವಾಗಿದೆಯೇ?”

“ಸ್ನೇಹ ಎಂದೆಂದಿಗೂ ಜೀವಂತ!”

ರಾಯಭಾರಿ ಚಪ್ಪಾಳೆ ತಟ್ಟಿದ. ಕಂಬದ ಮರೆಯಲ್ಲಿ ದೊರೆಸ್ವಾಮಿ ಮೀಸೆ ತಿರುವಿದ. ಅಷ್ಟರಲ್ಲಿ ಮನೆಯಾಳು ಬಗ್ಗಿ, “ಅಮ್ಮಾ, ನೀರು ಕೊಡ್ಲಾ?” ಎಂದ.

“ನೀರಿನ ವಿಷಯದಲ್ಲಿ ಎಲ್ಲ ರಾಜ್ಯಗಳ ಅಭಿಪ್ರಾಯ ಪಡೆದೇ ಮುಂದುವರಿಯುತ್ತೇವೆ!”

ಅವನು ಕಕ್ಕಾಬಿಕ್ಕಿಯಾಗಿ ಲೋಟ ವಾಪಸು ಒಯ್ದ. ಬಾಯಾರಿದ ಚಂದ್ರಕಲಾ ಆ ಲೋಟವನ್ನೇ ನೋಡಿದಳು, ಆಮೇಲೆ ಗಾಬರಿಯಿಂದ ಗಂಡನನ್ನು ನೋಡಿದಳು. ಅವಳ ಸೆರಗಿನ ಪಿನ್ನು ಕೆಂಪಾಗಿ ಉರಿಯುತ್ತಿತ್ತು.

ಹಿರಿಯ ವರದಿಗಾರ್ತಿಯೊಬ್ಬಳು ಮೈಕು ಕಸಿದುಕೊಂಡಳು. “ಸುತ್ತಿ ಬಳಸಬೇಡಿ! ನೇರವಾಗಿ ಹೇಳಿ, ಆ ಹುಂಜ...” ಅವಳ ಗಂಟಲು ಗುಳುಗುಳು ಎಂದಿತು. “ಆ ಹುಂಜದ ಬಗ್ಗೆ ಪ್ರಶ್ನೆ ಕೇಳಬೇಕೋ ಬೇಡವೋ ಎಂಬುದನ್ನು ಸೂಕ್ತ ಕಾಲದಲ್ಲಿ ತೀರ್ಮಾನಿಸಲಾಗುವುದು!”

ಅವಳೇ ಬಾಯಿ ಮುಚ್ಚಿಕೊಂಡಳು. ಪಕ್ಕದ ಟೀವಿಯವನು ಕ್ಯಾಮೆರಾಕ್ಕೆ ಮುಖ ಮಾಡಿ, “ನಾನು ಈಗ ಎಲ್ಲಿದ್ದೇನೆ ಎಂಬ ಕುರಿತು ಯಾರೂ ಊಹಾಪೋಹ ಮಾಡಬಾರದು!” ಎಂದು ಕಿರುಚಿದ. ಮೈಕು ಹಿಡಿದವರಿಗೆಲ್ಲ ಜಾರುಬಂಡೆಯ ರೋಗ ಹತ್ತಿತ್ತು!

ಮಾಯಣ್ಣ ಕಂಬದ ಬಳಿಗೆ ಓಡಿದ. “ಆರಿಸೋ ಅದನ್ನ!”

“ಒತ್ತುತಾನೇ ಇದೀನಿ ಭಾವ! ಇಲ್ಲಿ ನೋಡಿ!” ರಿಮೋಟಿನ ಪರದೆಯ ಮೇಲೆ, ‘ನಿಮ್ಮ ಮನವಿ ಪರಿಶೀಲನೆಯಲ್ಲಿದೆ’ ಎಂದಿತ್ತು. “ನನ್ ಹತ್ರಾನೇ ರಾಜಕೀಯ ಮಾಡ್ತಾ ಇದೆ!”

“ಹೋಗಿ ಕಿತ್ತೆಸೆಯೋ ಹಾಗಾದ್ರೆ!”

“ಒಂದ್ಸಲ ಕೆಂಪಾದ್ರೆ ಕೀಳಕ್ಕಾಗಲ್ಲ. ಅಕ್ಕನ ಭಾಷಣ ಕುಡಿದದ್ದಲ್ವಾ, ಹಿಡಿದ ಜಾಗ ಬಿಡಲ್ಲ!”

ಅದೇ ಹೊತ್ತಿಗೆ ಮೈಕಿಲ್ಲದ ಮುದುಕ ಪತ್ರಕರ್ತನೊಬ್ಬ ಹಿಂದಿನಿಂದ ಕೂಗಿದ. “ಹುಂಜ ಕದ್ದ ಅಂತ ತೋಟದ ಮಾಲಿಯನ್ನು ಪೊಲೀಸರು ಕರೆದೊಯ್ದರಂತೆ, ಹೌದೇ?”

ಈ ಸುದ್ದಿ ಚಂದ್ರಕಲಾಳಿಗೂ ಹೊಸದು. ಎದ್ದು ನಿಂತಳು. ಮಾಲಿ ತಪ್ಪು ಮಾಡಿಲ್ಲ, ತಪ್ಪು ನನ್ನದು ಎಂದು ಹೇಳಲು ಹೊರಟಿದ್ದಾಳೆಂದು ಇಷ್ಟು ವರ್ಷ ಸಂಸಾರ ಮಾಡಿದ ಮಾಯಣ್ಣನಿಗೆ ಅವಳ ಕಣ್ಣಿನಲ್ಲೇ ತಿಳಿಯಿತು.

“ತಪ್ಪು ಎಂಬುದನ್ನು ವಿಶಾಲ ಅರ್ಥದಲ್ಲಿ ಗ್ರಹಿಸಬೇಕು,” ಎಂದಿತು ಬಾಯಿ. “ಮಾಲಿ ಎಂಬುದೂ ಒಂದು ಪರಿಕಲ್ಪನೆ!”

ಅವಳು ಗಂಟಲು ಹಿಡಿದುಕೊಂಡಳು. ಮತ್ತೆ ಪ್ರಯತ್ನಿಸಿದಳು. “ಸಮಿತಿ ರಚಿಸುತ್ತೇವೆ!” ಎನ್ನುತ್ತಲೇ ಅವಳ ಕಣ್ಣಲ್ಲಿ ನೀರು ತುಂಬಿತು.

ನಾಲ್ಕು ಜನರೆದುರು ಸಣ್ಣಮಾತೂ ಆಡದ ಮಾಯಣ್ಣನಿಗೆ ಸಂಕಟ ತಡೆಯಲಾಗಲಿಲ್ಲ. ಕುರ್ಚಿಯ ಮೇಲೆ ಹತ್ತಿ ನಿಂತುಬಿಟ್ಟ. ಕೈಯಲ್ಲಿ ಮೈಕಿರಲಿಲ್ಲ, ಪುಣ್ಯ!

“ಮಾಲೀನ ಬಿಟ್ಬಿಡಿ! ಹುಂಜ ತಿಂದಿದ್ದು ನಾನು! ಎರಡು ಸಲ ಬಡಿಸ್ಕೊಂಡೆ!”

ಕ್ಯಾಮೆರಾಗಳೆಲ್ಲ ಅವನತ್ತ ತಿರುಗಿದವು. “ಕೊಯ್ದದ್ದು ಯಾರು?” ಎಂದ ಮುದುಕ ಪತ್ರಕರ್ತ.

“ನಾನೇ.”

“ಸಾರು ಮಾಡಿದ್ದು?”

“ಅದೂ ನಾನೇ. ಖಾರ ಅರೆದು, ತೆಂಗಿನಕಾಯಿ ಹಾಕಿ...”

“ಸುಳ್ಳು ಕಣಪ್ಪೋ!” ಎಂಬ ಕೂಗು ಕೇಳಿತು. ಬಿಸಿಲಲ್ಲಿ ಕೂತವರಿಗೆಂದು ಮಜ್ಜಿಗೆ ಲೋಟಗಳ ತಟ್ಟೆ ಹಿಡಿದು ನಿಂಗಾಜಮ್ಮ ಬರುತ್ತಿದ್ದರು. “ನಮ್ಮ ಅಳಿಮಯ್ಯಂಗೆ ಈರುಳ್ಳಿ ಹೆಚ್ಚಕ್ಕೂ ಬರಕಿಲ್ಲ! ಕೊಯ್ದೋಳು ನಾನು, ಖಾರ ಅರೆದೋಳು ನಾನು. ಅಳಿಯ ಬಂದಾಗ ಕೋಳಿ ಕೊಯ್ಯದೆ ಬೇಳೆಸಾರು ಇಕ್ಕನಾ? ಅದ್ಯಾಕೆ ಇಷ್ಟೊಂದು ರಂಪ?”

“ಅವ್ವ, ಅದು ರಾಜರ ಹುಂಜ ಕಣವ್ವ,” ಎಂದ ದೊರೆಸ್ವಾಮಿ ಮೆಲ್ಲಗೆ.

“ಅಯ್ಯೋ ಶಿವನೇ! ಅದಕ್ಕೇ ಅಷ್ಟೊತ್ತು ಬೇಯ್ನಿಲ್ಲ!”

ರಾಯಭಾರಿ ದುಭಾಷಿಯತ್ತ ತಿರುಗಿದ. ದುಭಾಷಿ ಮೈಕು ಹಿಡಿದೇ ಇದ್ದ. “ಸದರಿ ಹುಂಜವು ಕುಟುಂಬದೊಳಗೆ ವಿಲೀನಗೊಂಡಿದೆ ಎಂಬ ವರದಿಗಳಿವೆ!” ಎಂದು ಟೊರಾಲದ ಭಾಷೆಯಲ್ಲಿ ಹೇಳಿದ. ರಾಯಭಾರಿಗೆ ತಲೆಬುಡ ತಿಳಿಯಲಿಲ್ಲ.

“ಇವನ್ಯಾವನು ಕಗ್ಗ ಓದ್ತಾನೆ!” ಎಂದು ನಿಂಗಾಜಮ್ಮ ತಟ್ಟೆಯನ್ನು ಅಳಿಯನ ಕೈಗಿತ್ತರು. ತಾವೇ ರೆಕ್ಕೆ ಬಡಿದು ಹುಂಜವಾದರು. ಕುತ್ತಿಗೆಯ ಮೇಲೆ ಕೈ ಎಳೆದರು. ಸೌಟು ತಿರುವಿದರು. ಮಾಯಣ್ಣನ ಹೊಟ್ಟೆ ತೋರಿಸಿದರು. ಕಡೆಗೆ ಮಗಳನ್ನೂ ಅವನನ್ನೂ ಜೊತೆಗೂಡಿಸಿ ತೋರಿಸಿ, “ಅಳಿಯ” ಎಂದು ಬಿಡಿಸಿ ಹೇಳಿ, ರಾಯಭಾರಿಗೆ ಕೈ ಮುಗಿದರು. “ಗೊತ್ತಿಲ್ದೆ ಆಯ್ತು ಕಣಪ್ಪ. ನನ್ ಮಗಳನ್ನ ಬಯ್ಬ್ಯಾಡ.”

ರಾಯಭಾರಿ ಅವರನ್ನೇ ನೋಡಿದ. ಮಾಯಣ್ಣನನ್ನು ನೋಡಿದ. ಆಮೇಲೆ ಟೋಪಿ ಕೆಳಗೆ ಬೀಳುವಷ್ಟು ನಕ್ಕ. ಎದ್ದು ಬಂದು ಮಾಯಣ್ಣನ ಹೊಟ್ಟೆಯನ್ನು ಎರಡು ಕೈಯಲ್ಲೂ ಮುಟ್ಟಿ ನಮಸ್ಕರಿಸಿ, “ಅಳಿಯ! ಅಳಿಯ!” ಎಂದ. ಅವನಿಗೂ ಒಬ್ಬ ಅತ್ತೆ ಇದ್ದಿರಬೇಕು.

ಮಾಲಿ ಸಂಜೆಯೊಳಗೆ ಮನೆಗೆ ಬಂದ. ಚಂದ್ರಕಲಾಳ ಕುರ್ಚಿ ಉಳಿಯಿತು. ನಿಂಗಾಜಮ್ಮನ ಮಾನ ಉಳಿದದ್ದಷ್ಟೇ ಅಲ್ಲ, ಟೀವಿಯವರು ಸಾರಿನ ಮಸಾಲೆ ಕೇಳಲು ಸಾಲುಗಟ್ಟಿದರು. ದೊರೆಸ್ವಾಮಿ ಅಕ್ಕನ ಸೆರಗಿನ ತುಂಡನ್ನೇ ಕತ್ತರಿಸಿ ಪಿನ್ನಿನ ಸಮೇತ ತೋಟಕ್ಕೆ ಎಸೆದ. ಟೊರಾಲದ ರಾಜ ಮತ್ತೆ ಎರಡು ಹುಂಜ ಕಳಿಸಿದ. ಒಂದು ನೋಡಲು, ಒಂದು ಅಳಿಯನಿಗೆ.

ಅವು ಬಂದ ಮರುದಿನ ಬೆಳಿಗ್ಗೆ ಎಲ್ಲರೂ ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ನಿಂಗಾಜಮ್ಮ ಕತ್ತಿ ಮಸೆಯುತ್ತಿದ್ದರು. ತೋಟದಲ್ಲಿ ಬಟಾಣಿಯೆಂದು ಏನನ್ನೋ ಕುಕ್ಕಿ ನುಂಗಿದ್ದ ಹುಂಜವೊಂದು ಗೋಡೆ ಹತ್ತಿ, ಕತ್ತು ನೀಳವಾಗಿ ಚಾಚಿತು. ಅದರ ಗಂಟಲು ಗುಳುಗುಳು ಎಂದಿತು.

“ಬೆಳಗಾಗಿದೆ ಎಂಬ ವರದಿಗಳು ನಮ್ಮ ಗಮನಕ್ಕೆ ಬಂದಿವೆ! ಸೂಕ್ತ ಸಮಯದಲ್ಲಿ ಕೂಗಲಾಗುವುದು!”

ಮಾಯಣ್ಣನ ಕೈಯಲ್ಲಿದ್ದ ಕಾಫಿ ಚೆಲ್ಲಿತು. ದೊರೆಸ್ವಾಮಿ ಸದ್ದಿಲ್ಲದೆ ಎದ್ದು ಒಳಗೆ ನಡೆದ. ನಿಂಗಾಜಮ್ಮ ಹುಂಜವನ್ನೊಮ್ಮೆ, ಮಗಳನ್ನೊಮ್ಮೆ ನೋಡಿ ಕತ್ತಿ ಕೆಳಗಿಟ್ಟರು.

“ಬುಡವ್ವ, ಇದು ಸಾರ್ಗೆ ಆಗಕಿಲ್ಲ. ಎಲೆಕ್ಷನ್ಗೆ ನಿಲ್ಸು.”