ಎರಡು ಸೂರ್ಯರ ಕಾದಂಬರಿಗೆ ನಾನೊಬ್ಬಳೇ ಗಿರಾಕಿ

ನಾನು ಒಂದು ಪುಸ್ತಕ ಹೊಗಳಲು ಬಾಯಿ ತೆರೆದರೆ ಸಾಕು, ಎದುರಿಗಿದ್ದವರಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತದೆ. ಇದು ಇವತ್ತಿನ ಕಥೆಯಲ್ಲ, ವರ್ಷಗಳಿಂದ ಹೀಗೇ ನಡೆದಿದೆ. ಮಾನ್ವಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು ನಾನು. ನನ್ನ ಜೀವ ಇರುವುದು ಮಾತ್ರ ಎಲ್ಲೂ ಇಲ್ಲದ ಲೋಕಗಳ ಕಥೆಗಳಲ್ಲಿ. ಅದರಲ್ಲೂ ಒಂದು ಕಾದಂಬರಿ. ಅದರ ಲೋಕಕ್ಕೆ ಎರಡು ಸೂರ್ಯ. ಒಂದು ಮುಳುಗುವಷ್ಟರಲ್ಲಿ ಇನ್ನೊಂದು ಹುಟ್ಟುತ್ತದೆ; ರಾತ್ರಿಯೇ ಇಲ್ಲ, ಯಾರಿಗೂ ನಿದ್ದೆಯಿಲ್ಲ. ಒಬ್ಬ ಹುಡುಗಿ ಕತ್ತಲೆ ಹುಡುಕಿಕೊಂಡು ಹೋಗುತ್ತಾಳೆ. ಕೊನೆಗೆ ಆಕಾಶದ ಬಾಗಿಲನ್ನು ಆಚೆಯಿಂದ ಎಳೆದು ಹಿಡಿದು, ಒಬ್ಬಳೇ ಅಲ್ಲಿ ನಿಂತುಬಿಡುತ್ತಾಳೆ. ಈಚೆ ಕತ್ತಲಾಗಿ ಊರೆಲ್ಲ ಮಲಗುತ್ತದೆ.

ಆ ಪುಟಕ್ಕೆ ಬಂದಾಗಲೆಲ್ಲ ನಾನು ಅತ್ತಿದ್ದೇನೆ. ಪಕ್ಕದಲ್ಲಿ ಕುಳಿತು ಅಳುವವರು ಇನ್ನೊಬ್ಬರು ಬೇಕಿತ್ತು. ಒಬ್ಬರು ಸಾಕಿತ್ತು.

ಮನೆಯಿಂದಲೇ ಶುರು

ನನ್ನ ಗಂಡನದು ರಾಯಚೂರಿನಲ್ಲಿ ಸೋಲಾರ್ ಹೀಟರ್ ಅಂಗಡಿ. ಬೇಸಿಗೆಯ ಒಂದು ಭಾನುವಾರ ಕರೆಂಟು ಹೋಗಿ, ಟಿವಿಯೂ ಇಲ್ಲದೆ ಆಸಾಮಿ ನನ್ನ ಕೈಗೆ ಸಿಕ್ಕರು. ಕಥೆ ಶುರು ಮಾಡಿದೆ.

"ಎರಡು ಸೂರ್ಯ? ಇಲ್ಲಿ ಒಂದಕ್ಕೇ ಜೀವ ಹೋಗಾಕತ್ತದ," ಅಂದರು.

"ಮುಂದ ಕೇಳ್ರಿ."

ಕೇಳಿದರು. ಹುಡುಗಿ ಬಾಗಿಲು ಎಳೆದು ನಿಂತಾಗ ಅವರ ಮುಖ ಸಣ್ಣದಾಯಿತು. ಬೀಸಣಿಗೆ ಕೆಳಗಿಟ್ಟರು. ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ಕಡೆಗೂ ಈ ಮನುಷ್ಯ ಕರಗಿದ ಅಂದುಕೊಂಡೆ.

"ಛೇ, ರಾತ್ರೀನ ಇಲ್ಲದ ಊರು! ಎಂಥಾ ಚಲೋ ಧಂದಾ ಇತ್ತು ನೋಡು ಅಲ್ಲಿ," ಅಂದರು. "ಆ ಹುಡುಗಿ ಎಲ್ಲಾ ಕೆಡಿಸಿಬಿಟ್ಲು."

ತುಂಬಿದ ಸಭೆ

ನಮ್ಮೂರಿನ ಒಂದು ವಾಚನಾಲಯದವರು ಮೆಚ್ಚಿದ ಪುಸ್ತಕದ ಬಗ್ಗೆ ಮಾತಾಡಿ ಅಂತ ಕರೆದರು. ಹೋಗಿ ನೋಡಿದರೆ ಕೋಣೆ ಕಿಕ್ಕಿರಿದಿದೆ. ಎಲ್ಲರೂ ಸರ್ಕಾರಿ ನೌಕರಿ ಪರೀಕ್ಷೆಗೆ ಬೆಳಗಿನಿಂದ ಓದುತ್ತ ಕೂತ ಹುಡುಗ ಹುಡುಗಿಯರು. ಜಾಗ ಹೋದೀತೆಂದು ಎದ್ದಿರಲಿಲ್ಲ ಅಷ್ಟೇ. ನಾನು ಬಾಯಿ ತೆರೆದದ್ದೇ ತಡ, ಎಲ್ಲರೂ ಪೆನ್ನು ತೆಗೆದರು. ಇಷ್ಟು ಶ್ರದ್ಧೆಯನ್ನು ನನ್ನ ಕ್ಲಾಸಿನಲ್ಲೂ ಕಂಡಿರಲಿಲ್ಲ. ಮೈಮರೆತು ಮಾತಾಡಿದೆ.

ಕೊನೆಗೆ ಒಬ್ಬ ಹುಡುಗಿ ಎದ್ದು ನಿಂತಳು. "ಮೇಡಂ, ಎರಡನೇ ಸೂರ್ಯನ ಹೆಸರು ಇನ್ನೊಮ್ಮೆ ಹೇಳ್ರಿ. ಬರಕೊಳ್ಳಾದು ತಪ್ಪಿತು."

"ಅದು ಕಲ್ಪನೆ ತಂಗಿ. ಅಂಥಾ ಸೂರ್ಯ ಇಲ್ಲ."

"ಇರಲ್ರಿ. ಹ್ವಾದ ಸಲ ಹಿಂಗೇ ಒಂದು ಬಿಟ್ಟು, ಅರ್ಧ ಮಾರ್ಕಿಗೆ ನೌಕರಿ ಹೋಗ್ಯದ ನಂದು."

ನನಗೆ ನಗು ಬರಲಿಲ್ಲ. ಸುಮ್ಮನೆ ಹೆಸರು ಹೇಳಿದೆ. ಆಗ ಅವಳ ಹಿಂದೆ ಕೂತವನು ಕೈ ಎತ್ತಿದ: "ನಾಕು ಆಯ್ಕೆ ಕೊಟ್ಟು ಹೇಳಿದ್ರ ಇನ್ನೂ ಚಲೋ ಆಗ್ತಿತ್ರಿ."

ದೇವದುರ್ಗದ ಶೋಕೇಸು

ದೇವದುರ್ಗದ ಗೆಳತಿ ಹೊಸ ಮನೆ ಕಟ್ಟಿಸಿದಾಗ ಅದೇ ಕಾದಂಬರಿಯ ಹೊಸ ಪ್ರತಿ ಕೊಟ್ಟುಬಂದೆ. ಮರುವರ್ಷ ಹೋದರೆ ಶೋಕೇಸಿನಲ್ಲಿ, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ನಿಲ್ಲಿಸಿದ್ದಾರೆ. ಮೇಲೆ ಅರಿಷಿಣ, ಕುಂಕುಮ, ಒಣಗಿದ ಚೆಂಡುಹೂವು.

"ಓದಲಿಲ್ಲೇನು?" ಅಂದೆ.

ಗೆಳತಿಯ ಅತ್ತೆ ಗಲ್ಲ ಬಡಿದುಕೊಂಡರು. "ಅಯ್ಯ ಯವ್ವಾ, ನೀವು ಪ್ರೀತಿಲೆ ಕೊಟ್ಟದ್ದನ್ನ ಓದಿ ಹೊಲಸು ಮಾಡ್ತೀವೇನ್ರಿ?"

ಕುರ್ಡಿಯ ಪುರಾಣ

ಕುರ್ಡಿ ನನ್ನ ತವರು. ಶ್ರಾವಣದಲ್ಲಿ ಅಲ್ಲಿ ಸಂಜೆ ಪುರಾಣ ಹಚ್ಚುತ್ತಾರೆ. ಸುಮ್ಮನೆ ಕೇಳಿ ಎದ್ದುಹೋಗುವ ಪುರಾಣವಲ್ಲ. ಕಥೆಯಲ್ಲಿ ಕೂಸು ಹುಟ್ಟಿದರೆ ಕೇಳುವವರು ತೊಟ್ಟಿಲು ಕಟ್ಟುತ್ತಾರೆ. ಮದುವೆಯಾದರೆ ಅಕ್ಕಿಕಾಳು ಹಾಕಿ ಊಟಕ್ಕೆ ಕೂರುತ್ತಾರೆ. ಈ ಸಲ ಪುರಾಣ ಮುಗಿಯುವ ಮೊದಲೇ ಹೇಳುವವರ ಗಂಟಲು ಕಟ್ಟಿ, ಅವರು ಊರಿಗೆ ಹೋದರು. ಪಂಚಮಿ ಹಬ್ಬಕ್ಕೆ ರಜೆ ಹಾಕಿ ಬಂದಿದ್ದ ನನ್ನನ್ನು ಸೋದರತ್ತೆ ಮುಂದೆ ದೂಡಿದಳು: "ನಮ್ಮ ಹುಡುಗಿ ಸಾಲಿ ಟೀಚರ್ ಅದಾಳ. ಆಕಿ ಓದ್ತಾಳ ತಗೋರಿ."

ಹಸಿದವಳಿಗೆ ಹೋಳಿಗೆ ಸಿಕ್ಕಿತು. ಚೀಲದಿಂದ ಕಾದಂಬರಿ ತೆಗೆದೆ.

ಹುಡುಗಿ ಹುಟ್ಟಿದ ಸಂಜೆ ತೊಟ್ಟಿಲು ಬಂತು. ಗುಂಡುಕಲ್ಲಿಗೆ ಕೂಸಿನ ಕುಂಚಿಗೆ ತೊಡಿಸಿ ಮಲಗಿಸಿ, ಜೋಗುಳ ಹಾಡಿ ಎಲ್ಲರಿಗೂ ಕುದಿಸಿದ ಕಾಳಿನ ಗುಗ್ಗರಿ ಹಂಚಿದರು. ಅವಳು ಕತ್ತಲೆ ಹುಡುಕಲು ಹೊರಟ ಸಂಜೆ ದಾರಿಗೆ ಇರಲಿ ಅಂತ ಜೋಳದ ರೊಟ್ಟಿ, ಶೇಂಗಾ ಹಿಂಡಿ ಚಟ್ನಿಯ ಬುತ್ತಿ ಕಟ್ಟಿ ತಂದರು. ಅದನ್ನು ನಾನೇ ತಿಂದೆ, ಬೇರೆ ಯಾರು ತಿನ್ನಬೇಕು?

ಕೊನೆಯ ಪುಟ ಓದಿದೆ. ಕಣ್ಣೊರೆಸಿಕೊಂಡು ತಲೆ ಎತ್ತಿದೆ. ಒಬ್ಬರ ಕಣ್ಣಲ್ಲೂ ನೀರಿಲ್ಲ. ಎಲ್ಲರೂ ನನ್ನನ್ನೇ ಗುರಾಯಿಸುತ್ತಿದ್ದಾರೆ.

"ಮುಂದ?" ಅಂದಳು ಅತ್ತೆ.

"ಮುಂದ ಇಲ್ಲ ಅತ್ತಿ. ಮುಗೀತು."

"ಮುಗೀತಂದ್ರ? ಕೂಸು ಅಲ್ಲೇ ನಿಂತಾಳೇನು, ಒಬ್ಬಾಕೇ?"

"ಬರದವರು ಹಂಗ ಬರದಾರ."

"ಬರದಾವಗ ಹೆಣ್ಮಕ್ಕಳಿಲ್ಲ ಅಂತ ಕಾಣ್ತದ. ನಾವು ತೊಟ್ಟಿಲಿಗಿ ಹಾಕಿದ ಕೂಸದು. ಆಕಿ ಮನಿಗಿ ಬರೋತನಕ ಮಂಗಳಾರತಿ ಇಲ್ಲ!"

ಇದು ತ್ಯಾಗದ ಕಥೆ, ದುಃಖದಲ್ಲೇ ಇದರ ಚೆಂದ ಇದೆ ಅಂತ ಕ್ಲಾಸಿನಲ್ಲಿ ಹೇಳುವಂತೆ ತಿಳಿಸಿ ಹೇಳಿದೆ. ಉರಿಯುವ ಬೆಂಕಿಗೆ ಎಣ್ಣೆ ಹೊಯ್ದಂತಾಯಿತು.

"ಮಕ್ಕೊಳ್ಳಾಕ ಊರ ಮಂದಿ, ನಿಂದ್ರಾಕ ಈಕಿ ಒಬ್ಬಾಕಿ?" ಹಿಂದಿನಿಂದ ಒಬ್ಬ ಮುದುಕ ಎದ್ದ. "ಕಾಲುವಿ ನೀರಿಗಿ ನಾವು ಪಾಳಿ ಹಚ್ಚಂಗಿಲ್ಲೇನು? ಬಾಗಲಕ್ಕೂ ಪಾಳಿ ಹಚ್ಚರಿ. ದಿನಾ ಒಂದೊಂದು ಮನಿಯವರು ಹಿಡೀಲಿ!"

ಮಂದಿ ಹೋ ಅಂದರು. ಅಲ್ಲೇ ಪಾಳಿ ಗೊತ್ತಾಯಿತು. ಮೊದಲನೆಯದು ಯಾರದು ಅಂತ ಎರಡು ಮನೆಯವರ ನಡುವೆ ಸಣ್ಣ ಜಗಳವೂ ಆಯಿತು. ಹುಡುಗಿ ಮನೆಗೆ ಬಂದಳು, ಅದೇ ಗುಂಡುಕಲ್ಲಿಗೆ ಅರಿಷಿಣ ಹಚ್ಚಿ ಎರೆದರು, ಉಡಿ ತುಂಬಿದರು, ಮಂಗಳಾರತಿ ಆಯಿತು, ಮತ್ತೆ ಗುಗ್ಗರಿ ಹಂಚಿದರು. ನನ್ನ ಪ್ರಾಣದಂಥ ಕಾದಂಬರಿಯ ಕುತ್ತಿಗೆ ಹಿಚುಕುವುದನ್ನು ಗುಗ್ಗರಿ ಮುಕ್ಕುತ್ತ ನೋಡಿದೆ. ಅಳು ಬಂತು. ಪಕ್ಕದಲ್ಲಿದ್ದವರೆಲ್ಲ ನಗುತ್ತಿದ್ದರು.

ಆರತಿ ಮಾಡಿ ಅತ್ತೆ ಎತ್ತಿಟ್ಟಿದ್ದ ಪುಸ್ತಕವನ್ನು ಮರುದಿನ ಬಸ್ಸಿಗೆ ಹೊರಟಾಗ ಕೇಳಿದೆ. ಅವಳು ಅದನ್ನು ಸೆರಗಿನೊಳಗೆ ಒತ್ತಿಕೊಂಡಳು.

"ಕೊಡಂಗಿಲ್ಲ ಹೋಗು. ನಿನ್ನ ಕೈಯಾಗ ಕೊಟ್ರ ಮತ್ತ ಆಕಿನ್ನ ಅಲ್ಲೇ ಒಬ್ಬಾಕಿನ್ನ ಬಿಟ್ಟು ಬರ್ತಿ."